ಹಾರುವ ಸೈಕಲ್ಲು

ಎತ್ತು ಕೊಳ್ಳುವವನು ಹಲ್ಲು ನೋಡುತ್ತಾನೆ. ಎಮ್ಮೆ ಕೊಳ್ಳುವವನು ಕೆಚ್ಚಲು ನೋಡುತ್ತಾನೆ. ಮಣ್ಣಿನ ದಿಬ್ಬದಿಂದ ಗಾಳಿಗೆ ನೆಗೆಯುವ ಸೈಕಲ್ಲನ್ನು ಕೊಳ್ಳಹೊರಟವನು ಏನನ್ನು ನೋಡಬೇಕು? ಹಳಗನ್ನಡ ಕಾವ್ಯಗಳನ್ನು ಪಾಠ ಹೇಳಿ ಹೊಟ್ಟೆ ಹೊರೆಯುವ ನನ್ನ ಮುಂದೆ ಈ ಪ್ರಶ್ನೆಯನ್ನಿಟ್ಟವನು ಚೊಳಚಗುಡ್ಡದ ನನ್ನ ಸೋದರಳಿಯ. 16 ವರ್ಷದ ಹುಡುಗ. ಅವನ ತಾಯಿ, ಎಂದರೆ ನನ್ನ ದೊಡ್ಡಪ್ಪನ ಮಗಳು, ಬನಶಂಕರಿ ಗುಡಿಯ ಮುಂದೆ ಬುಟ್ಟಿಯಿಟ್ಟುಕೊಂಡು ಜೋಳದ ರೊಟ್ಟಿ, ಪಲ್ಯ, ಮೊಸರು ಮಾರುತ್ತಾಳೆ. ಆ ರೊಟ್ಟಿಯ ದುಡ್ಡಿನಲ್ಲಿ ಉಳಿಸಿದ 25,000 ರೂಪಾಯಿಯನ್ನು ನನ್ನ ಕೈಗಿಟ್ಟು, "ಅಣ್ಣಾ, ನೀ ಓದಿದಾಂವ. ರೊಕ್ಕಾ ಹ್ವಾದ್ರ ಹೋಗ್ಲಿ, ಹುಡುಗನ ಎಲುಬು ಉಳೀಬೇಕು. ಅಂಥಾದ್ದು ನೋಡು" ಎಂದಳು.

ಹುಡುಗ ಬಿತ್ತದೆ ಬಿಟ್ಟ ತುಂಡು ಹೊಲದಲ್ಲಿ ತನ್ನ ದಾರಿಯನ್ನು ತಾನೇ ಕಟ್ಟಿದ್ದ. ಪೇಟೆಯವರು ಇದನ್ನು ಪಂಪ್ ಟ್ರ್ಯಾಕ್ ಎನ್ನುತ್ತಾರೆ. ಅಲೆಯಲೆಯಾದ ದಿಬ್ಬಗಳು, ತಿರುವಿನಲ್ಲಿ ಹೊರಮಗ್ಗುಲಿಗೆ ಎತ್ತರಿಸಿದ ಒಡ್ಡು, ಕೊನೆಗೊಂದು ಹಾರುದಿಬ್ಬ. ಇಲ್ಲಿ ಪೆಡಲು ತುಳಿಯುವುದು ಮರ್ಯಾದೆಯಲ್ಲ. ದಿಬ್ಬ ಏರುವಾಗ ಮೈ ಹಗುರ ಮಾಡಿ, ಇಳಿಯುವಾಗ ಕೈಕಾಲುಗಳಿಂದ ಸೈಕಲ್ಲನ್ನು ನೆಲಕ್ಕೆ ಒತ್ತಿದರೆ ವೇಗ ತಾನಾಗಿ ಹುಟ್ಟುತ್ತದೆ. ಪಂಚಮಿಯಲ್ಲಿ ಜೋಕಾಲಿ ಜೀಕಿದವರಿಗೆ ಈ ಗುಟ್ಟು ಹೊಸದಲ್ಲ. ಮೊದಲು ಮಲಪ್ರಭೆಯ ಕಡೆಯ ಎರೆಮಣ್ಣು ತಂದು ಕಟ್ಟಿದ್ದನಂತೆ. ಅದು ಬೇಸಿಗೆಯಲ್ಲಿ ಬಿರಿಯಿತು, ಮಳೆಯಲ್ಲಿ ಚಕ್ರಕ್ಕೆ ಮೆತ್ತಿಕೊಂಡಿತು. ಆಮೇಲೆ ಗುಡ್ಡದ ಬುಡದ ಮಸಾರಿ ಹೊತ್ತು ತಂದು, ನೀರು ಚಿಮುಕಿಸಿ, ಸಲಿಕೆಯ ಬೆನ್ನಿನಿಂದ ಬಡಿದು ಗಟ್ಟಿ ಮಾಡಿದ. ಹಾರುತ್ತಿದ್ದುದು ಮಾತ್ರ ತಂದೆ ಹಾಲಿನ ಕ್ಯಾನು ಹೇರುವ ಹಳೆಯ ಸೈಕಲ್ಲಿನ ಮೇಲೆ. ಅದರ ಮುಂದಿನ ಫೋರ್ಕು ಬಾಗಿ, ಹುಡುಗನ ಮೊಣಕೈಯ ತೊಗಲು ಹೊಲದಲ್ಲೇ ಉಳಿದ ಮೇಲೆ ನನಗೆ ಕರೆ ಬಂದದ್ದು.

ಭಾವನಿಗೆ ಇದೊಂದು ಹುಚ್ಚು. ನಮ್ಮ ಬಾಗಲಕೋಟೆ, ವಿಜಯಪುರದ ಕಡೆಯ ಮಕ್ಕಳು ರಸ್ತೆಯ ಸೈಕಲ್ ಪಂದ್ಯಗಳಲ್ಲಿ ದೇಶಕ್ಕೆ ಗೊತ್ತಾದವರು. ಅದನ್ನು ಅವನು ಒಪ್ಪುತ್ತಾನೆ. "ಇದು ಕುಣದಾಡೂದು, ಇದಕ್ಯಾರು ಬಹುಮಾನ ಕೊಡತಾರ?" ಎಂದ. ಇದರ ಸೋದರ ಆಟವಾದ ಬಿಎಂಎಕ್ಸ್ ಓಟ 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್ ಸೇರಿತೆಂದೂ, ಪಂಪ್ ಟ್ರ್ಯಾಕಿಗೇ 2019ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಯಿತೆಂದೂ ಹೇಳಿದೆ. ಬರ್ನ್ ಎಂಬ ಊರು ಅವನ ಮೇಲೆ ಯಾವ ಪರಿಣಾಮವನ್ನೂ ಮಾಡಲಿಲ್ಲ.

ಪೇಟೆಯ ಅಂಗಡಿಯಾತ ಮಿರಮಿರ ಮಿಂಚುವ ಒಂದನ್ನು ಹೊರಗೆಳೆದ. "ಸರ, ಹಿಂದ ಮುಂದ ಎರಡೂ ಕಡೆ ಸ್ಪ್ರಿಂಗ್ ಐತ್ರಿ, 21 ಗೇರ್ ಐತ್ರಿ. ಹಾರಿದ್ರ ಹಾಸಿಗಿ ಮ್ಯಾಲ ಬಿದ್ದಂಗ ಆಗತೈತ್ರಿ." ಬೆಲೆಯೂ ನಮ್ಮ ಗಂಟಿಗಿಂತ ಕಡಿಮೆ. ಹುಡುಗನ ಮುಖ ಸಪ್ಪಗಾಯಿತು. "ಮಾಮಾ, ಇದು ಬ್ಯಾಡ. ನಾ ನೆಲಕ್ಕ ಒತ್ತಿದ್ದನ್ನ ಆ ಹಿಂದಿನ ಸ್ಪ್ರಿಂಗ್ ನುಂಗತೈತಿ" ಎಂದು ಪಿಸುಗುಟ್ಟಿದ. ವಿಚಾರ ಮಾಡಿದರೆ ಮಾತು ನಿಜ. ಮೆತ್ತನೆಯ ನೆಲದ ಮೇಲೆ ನಿಂತು ಯಾರು ಜಿಗಿದಾರು?

ಮಮ್ಮಟನ ಕಾವ್ಯಲಕ್ಷಣವನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿಲ್ಲ! ದೋಷವಿರಬಾರದು, ಗುಣವಿರಬೇಕು; ಅಲಂಕಾರ ಕೆಲವೆಡೆ ಇಲ್ಲದಿದ್ದರೂ ನಡೆದೀತು. ಆತ ಈ ಸೈಕಲ್ಲನ್ನು ಕಂಡಿದ್ದರೆ ಉದಾಹರಣೆಗೆ ಕೊಡುತ್ತಿದ್ದ. ಇದಕ್ಕೆ ಗೇರಿಲ್ಲ, ಏಕೆಂದರೆ ಬಿದ್ದಾಗ ಕಲ್ಲಿಗೆ ತಾಗಿ ಮುರಿಯುವಂಥದ್ದು ಏನೂ ಜೋತಾಡಬಾರದು. ಹಿಂದೆ ಸ್ಪ್ರಿಂಗಿಲ್ಲ; ಮುಂದಿನ ಫೋರ್ಕಿಗುಂಟು, ಅದೂ 100 ಮಿಲಿಮೀಟರಿನಷ್ಟು, ಬಿಗಿಯಾದದ್ದು. ಬ್ರೇಕು ಸಾಮಾನ್ಯವಾಗಿ ಹಿಂದಿನದೊಂದೇ. ಸೀಟು ಇರುವುದು ನೆಪಕ್ಕೆ, ಮೊಣಕಾಲಿಗೆ ಅಡ್ಡ ಬರದಷ್ಟು ತಗ್ಗಿನಲ್ಲಿ. ಗುಡ್ಡಗಾಡಿನ ಸೈಕಲ್ಲುಗಳು ಹೆಚ್ಚಾಗಿ 29 ಇಂಚಿನ ದೊಡ್ಡ ಚಕ್ರಕ್ಕೆ ಹೋದರೂ ಇದು 26ರಲ್ಲೇ ನಿಂತಿದೆ. ಚಿಕ್ಕ ಚಕ್ರ ಗಟ್ಟಿ, ಗಾಳಿಯಲ್ಲಿ ಹೇಳಿದಂತೆ ತಿರುಗುತ್ತದೆ. ಚೌಕಟ್ಟು ಅಲ್ಯೂಮಿನಿಯಮ್ಮಿನದಾದರೆ ಹಗುರ. ಆದರೆ ನನ್ನ ಮನಸ್ಸು ಉಕ್ಕಿನ ಕಡೆಗೆ ವಾಲಿತು. ಉಕ್ಕು ಮುರಿಯುವ ಮೊದಲು ಬಾಗಿ ಸೂಚನೆ ಕೊಡುವುದುಂಟು. ತಂಗಿಯ ಮಾತು ನನ್ನ ಕಿವಿಯಲ್ಲಿತ್ತಲ್ಲ.

ಇಂಥದ್ದು ಹೊಸದಾಗಿ ಬೇಕೆಂದರೆ ಹೆಚ್ಚಾಗಿ ಹೊರದೇಶದಿಂದ ಬರಬೇಕು. ರೊಟ್ಟಿಯ ದುಡ್ಡು ಅಲ್ಲಿಯವರೆಗೆ ಮುಟ್ಟದು. ಕೊನೆಗೆ ಬೆಳಗಾವಿಯಲ್ಲಿ ಓದು ಮುಗಿಸಿ ಊರಿಗೆ ಹೊರಟಿದ್ದ ಒಬ್ಬ ಹುಡುಗನ ಬಳಿ ಉಕ್ಕಿನದೊಂದು ಸಿಕ್ಕಿತು. ಆಗ ನೋಡಬೇಕಾಗಿತ್ತು ನಮ್ಮ ಅಳಿಯನನ್ನು! ಹ್ಯಾಂಡಲಿನ ಕೆಳಗೆ ಎರಡು ಕೊಳವೆ ಬಂದು ಕೂಡುವ ಬೆಸುಗೆಯ ಮಣ್ಣನ್ನು ಒರಸಿ, ಉಗುರಿನಿಂದ ಸುತ್ತ ಗೀರಿ ನೋಡಿದ. ಬಿರುಕು ಬಿಟ್ಟರೆ ಮೊದಲು ಬಿಡುವುದು ಅಲ್ಲಿಯೇ. ಬಣ್ಣ ಎಲ್ಲಿಯಾದರೂ ಸುಕ್ಕುಗಟ್ಟಿದೆಯೇ ಎಂದು ಬಿಸಿಲಿಗೆ ಹಿಡಿದ. ಚಕ್ರ ತಿರುಗಿಸಿ ರಿಮ್ಮಿನ ಪಕ್ಕ ಬೆರಳಿಟ್ಟು ಓಲಾಟ ಅಳೆದ. ಪೆಡಲುಗಳನ್ನು ಹಿಡಿದು ಅಲ್ಲಾಡಿಸಿದ. ಜಾನುವಾರು ಸಂತೆಯ ದಲಾಲಿಯೂ ಇಷ್ಟು ಪರೀಕ್ಷೆ ಮಾಡಲಾರ. ಗೀರುಗಳು ಬೇಕಾದಷ್ಟಿದ್ದವು, ಬಿರುಕು ಒಂದೂ ಇರಲಿಲ್ಲ. 18,000ಕ್ಕೆ ಮಾತು ಮುಗಿಯಿತು.

ಉಳಿದ 7,000ದಲ್ಲಿ ಹುಡುಗನಿಗೆ ಬಣ್ಣದ ಪೆಡಲು ಬೇಕಾಗಿತ್ತು. ಇಲ್ಲಿ ಮಾತ್ರ ನಾನು ಮಾಮನಾದೆ. ಗದ್ದವನ್ನೂ ಮುಚ್ಚುವ ಹೆಲ್ಮೆಟ್ಟು, ಮೊಣಕೈ ಮೊಣಕಾಲುಗಳ ಕವಚ, ಇವಿಷ್ಟನ್ನು ಕೊಂಡ ಮೇಲೆ ಪೆಡಲಿಗೆ ಉಳಿದದ್ದು ಬಸ್ಸಿನ ಚಾರ್ಜು.

ಮರುದಿನ ಸಂಜೆ ತಂಗಿ ಬರಿಬುಟ್ಟಿ ಹೊತ್ತು ಗುಡಿಯಿಂದ ನೇರ ಹೊಲಕ್ಕೆ ಬಂದಳು. "ಇದಕ್ಕ ಕ್ಯಾರಿಯರ್ ಇಲ್ಲೇನೋ ಅಣ್ಣಾ?" ಎಂದಳು. ಹುಡುಗ ನಾಲ್ಕು ಸುತ್ತು ಹಾಕಿ, ಕೊನೆಯ ದಿಬ್ಬದಿಂದ ಹಾರಿ, ಎರಡು ಚಕ್ರಗಳನ್ನೂ ಸರಿಯಾಗಿ ಇಳುಕಲಿನ ಮೇಲೆ ಇಳಿಸಿದ. ಅವಳು ಬುಟ್ಟಿ ಕೆಳಗಿಟ್ಟು, ಚಕ್ರ ಊರಿದ ಗುರುತನ್ನೂ ಅದರಾಚೆಯ ಬೇವಿನ ಗಿಡವನ್ನೂ ಹೆಜ್ಜೆಯಲ್ಲಿ ಅಳೆದಳು. "ಗಿಡ ಭಾಳ ಹತ್ತರಾತು. ಈ ದಿಬ್ಬಾನ ನಾಕು ಮಾರು ಈಚೆ ಸರಸು. ಮಣ್ಣು ಹೊರಾಕ ನಾನೂ ಬರತೀನಿ" ಎಂದಳು.