ಮಳೆಗೆ ಪ್ರಾಸ ಸಿಗಲಿಲ್ಲ

ನನಗೊಂದು ಚಟ ಇದೆ. ಸಿನಿಮಾ ನೋಡಿ ಮುಗಿಸಿದ ತಕ್ಷಣ ಅದರ ಮೇಲೊಂದು ಚುಟುಕ ಗೀಚಿ ಗೆಳೆಯರ ಗುಂಪಿಗೆ ವಾಟ್ಸಾಪ್ ಮಾಡೋದು. ಶುರುವಾಗಿದ್ದು 2020ರ ಜುಲೈನಲ್ಲಿ. ಥಿಯೇಟರ್‌ಗಳೆಲ್ಲ ಮುಚ್ಚಿದ್ವು, 'ಲಾ', 'ಫ್ರೆಂಚ್ ಬಿರಿಯಾನಿ' ಎರಡೂ ನೇರ ಪ್ರೈಮ್‌ಗೇ ಬಂದಿದ್ವು. ಕೆಲಸಕ್ಕೆ ಸೇರಿ ಒಂದು ವರ್ಷ ಆಗಿತ್ತಷ್ಟೆ, ಮನೆಯಿಂದಲೇ ಆಫೀಸು, ಸಂಜೆ ಮಾಡೋಕೆ ಬೇರೇನೂ ಇರಲಿಲ್ಲ.

ಉದ್ದುದ್ದ ವಿಮರ್ಶೆ ಬರೆಯೋ ತಾಳ್ಮೆ ನನಗಿಲ್ಲ, ಓದೋ ತಾಳ್ಮೆ ನನ್ನ ಗೆಳೆಯರಿಗಿಲ್ಲ :-) ಅಪ್ಪನ ಕಪಾಟಿನಲ್ಲಿ 'ದಿನಕರನ ಚೌಪದಿ' ಇತ್ತು. ದಿನಕರ ದೇಸಾಯಿಯವರು (1909-1982) ಎಂಥೆಂಥಾ ವಿಷಯವನ್ನೂ ನಾಲ್ಕೇ ಸಾಲಿಗೆ ಇಳಿಸಿಬಿಡ್ತಿದ್ರು, ಎರಡೆರಡು ಸಾಲಿಗೆ ಒಂದು ಪ್ರಾಸ. ಅಷ್ಟೇ ತಾನೆ, ನಾನೂ ಮಾಡ್ತೀನಿ ಅಂದ್ಕೊಂಡೆ. (ಎಂಜಿನಿಯರುಗಳಿಗೆ ಈ ಧೈರ್ಯ ಸ್ವಲ್ಪ ಜಾಸ್ತಿ.) 2021ರಲ್ಲಿ 'ರತ್ನನ್ ಪ್ರಪಂಚ' ನೋಡಿ ಬರೆದದ್ದು:

ಹೆತ್ತವಳು ಎಲ್ಲೆಂದು ಊರೂರು ಅಲೆದ,
ಅಮ್ಮ ಯಾರೆಂಬುದ ಕೊನೆಗಷ್ಟೇ ತಿಳಿದ;
ಬೈಯುತ್ತ ಸಾಕಿದ ತಾಯಿ ಉಮಾಶ್ರೀ,
ನೋಡಿ ಮುಗಿದ ಮೇಲೆ ಮನೆಗೆ ಫೋನ್ ಮಾಡ್ರಿ!

ಅದೇ ವರ್ಷ ಮಲಯಾಳಂನ 'ದಿ ಗ್ರೇಟ್ ಇಂಡಿಯನ್ ಕಿಚನ್' ಬಂತು. ಅದಕ್ಕೆ:

ಕುಕ್ಕರಿನ ಅನ್ನ ಬೇಡ, ಒಲೆಯದ್ದೇ ಬೇಕು,
ತಿಂದೆದ್ದು ಹೋಗಲು ಗಂಡಸರಿಗೆ ಸಾಕು;
ಸಿಂಕಿನ ಕೆಳಗಡೆ ಸೋರುವುದು ನೀರು,
ರಿಪೇರಿಯವನನ್ನು ಕರೆಯುವವರ್ಯಾರು?

ಇದನ್ನ ಅಮ್ಮನಿಗೂ ಕಳಿಸಿದ್ದೆ. "ನಮ್ಮನೆ ನಲ್ಲಿ ಕಥೆ ಏನಾಯ್ತು?" ಅಂತ ಉತ್ತರ ಬಂತು!

ಇಷ್ಟರವರೆಗೆ ಎಲ್ಲಾ ಚೆನ್ನಾಗೇ ಇತ್ತು.

ಹೋದ ವರ್ಷ ಒಂದು ಕನ್ನಡ ಸಿನಿಮಾ ನೋಡಿದೆ, ಹೆಸರು ಬೇಡ. ಥಿಯೇಟರಿನಲ್ಲಿ ಒಂದೇ ವಾರ ಇದ್ದು, ಆಮೇಲೆ ಸದ್ದಿಲ್ಲದೆ ಓಟಿಟಿಗೆ ಬಂದದ್ದು. ಅವತ್ತು ರಾತ್ರಿ ನಮ್ಮ ರಿಲೀಸ್ ಇತ್ತು. ಸಿನಿಮಾ ಒಂದು ಕಿಟಕಿಯಲ್ಲಿ, ಲಾಗ್ ಇನ್ನೊಂದರಲ್ಲಿ. ನಡುನಡುವೆ ಹತ್ತತ್ತು ಸೆಕೆಂಡ್ ಮುಂದೆ ಓಡಿಸ್ತಾ ಇದ್ದೆ. ಬರೆದದ್ದು ಹೀಗೆ:

ಕತ್ತಲಲಿ ಶುರುವಾಗಿ ಕತ್ತಲಲಿ ಕೊನೆಯು,
ನಡುವೆ ಎರಡು ಗಂಟೆ ಸುಮ್ಮನೇ ಮಳೆಯು;
ನಾಯಕಗೆ ನೆಗಡಿ, ನೋಡಿದವಗೆ ನಿದ್ದೆ,
ಚಂದಾ ಕಟ್ಟಿದ ದುಡ್ಡು ಮಳೆಯಲ್ಲಿ ಒದ್ದೆ!

ಗುಂಪಿನಲ್ಲಿ ನಗುವೋ ನಗು. ಅಲ್ಲಿಂದ ಅದು ಎಲ್ಲೆಲ್ಲಿಗೋ ಹೋಯ್ತು. ನಾಲ್ಕು ದಿನದ ಮೇಲೆ ನನ್ನ ಅತ್ತೆಯಿಂದ ನನಗೇ ಫಾರ್ವರ್ಡ್ ಆಗಿ ಬಂತು, ಕೆಳಗೆ ಬೇರೆ ಯಾರದ್ದೋ ಹೆಸರು!

ಐದನೇ ದಿನ ಫೋನ್ ಮಾಡಿದವನು ನನ್ನ ಹಾಸ್ಟೆಲ್ ರೂಮ್‌ಮೇಟ್. 2022ರಲ್ಲಿ ಒಳ್ಳೇ ಕೆಲಸ ಬಿಟ್ಟು ಸಿನಿಮಾದಲ್ಲಿ ಸೌಂಡ್ ವಿಭಾಗ ಸೇರಿದ್ದ. ಯಾವ ಸಿನಿಮಾ ಏನು ಅಂತ ನಾನು ಕೇಳಿರಲೇ ಇಲ್ಲ. ಅವನು ಬೈಯಲಿಲ್ಲ.

"ಮಗಾ, ಆ ಮಳೆ ನಾನು ಮಾಡಿದ್ದು ಕಣೋ" ಅಂದ.

ಏಳು ರಾತ್ರಿ ಆಗುಂಬೆ ಹತ್ತಿರ ಕೂತು ರೆಕಾರ್ಡ್ ಮಾಡಿದ್ನಂತೆ. ತಗಡಿನ ಮೇಲೆ ಬೀಳೋ ಮಳೆ ಬೇರೆ, ಹೆಂಚಿನ ಮೇಲೆ ಬೇರೆ, ಅಡಿಕೆ ಸೋಗೆ ಮೇಲೆ ಬೇರೆ. ಒಂದೊಂದು ಸೀನಿಗೆ ಒಂದೊಂದು ಮಳೆ. "ಹೆಡ್‌ಫೋನ್ ಹಾಕ್ಕೊಂಡು ನೋಡಿದ್ಯಾ?" ಅಂದ. "ಹೂಂ" ಅಂದೆ. ಸುಳ್ಳು.

ಫೋನ್ ಇಟ್ಟ ಮೇಲೆ ಯೋಚಿಸಿದೆ. 'ನಿದ್ದೆ'ಗೆ 'ಒದ್ದೆ' ಸಿಕ್ಕಿತಲ್ಲ, ಆ ಖುಷಿಯಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದೆ. ನಿದ್ದೆ ಬಂದದ್ದು ರಿಲೀಸಿನಿಂದ, ಸಿನಿಮಾದಿಂದ ಅಲ್ಲ. ದೇಸಾಯಿಯವರು ನಾಲ್ಕು ಸಾಲಿನಲ್ಲಿ ಬೈದದ್ದೂ ಉಂಟು, ಆದರೆ ನನ್ನ ಹಾಗೆ ಅರ್ಧ ನೋಡಿ ಅಲ್ಲ ಅನ್ಸುತ್ತೆ.

ಶನಿವಾರ ಹೆಡ್‌ಫೋನ್ ಹಾಕಿ ಪೂರ್ತಿ ನೋಡಿದೆ. ನಿಜ ಹೇಳ್ತೀನಿ, ಸಿನಿಮಾ ಈಗಲೂ ನಿಧಾನವೇ. ದ್ವಿತೀಯಾರ್ಧ ಎಲ್ಲೆಲ್ಲೋ ಹೋಗುತ್ತೆ, ನಾಯಕ ಮುಖ ಒಂದೇ ಥರ ಇಟ್ಕೊಂಡಿದ್ದಾನೆ. ಗೆಳೆಯನ ಸಿನಿಮಾ ಅಂತ ಚೆನ್ನಾಗಿದೆ ಅನ್ನೋಕಾಗಲ್ಲ. ಆದರೆ ತಾಯಿ ಮನೆ ಬಿಟ್ಟು ಹೋಗೋ ದೃಶ್ಯ ಇದೆಯಲ್ಲ, ಅಲ್ಲಿ ತಗಡಿನ ಮೇಲಿನ ಆ ಧೋ ಅನ್ನೋ ಸದ್ದು ನಿಂತುಹೋಗುತ್ತೆ. ಸೂರಿನಿಂದ ಹನಿ ಬೀಳೋದು ಮಾತ್ರ ಉಳಿಯುತ್ತೆ. ಒಂದು ನಿಮಿಷದ ಹತ್ತಿರ ಮಾತಿಲ್ಲ. ಮೊದಲ ಸಲ ಇದನ್ನೇ ನಾನು ಹತ್ತತ್ತು ಸೆಕೆಂಡ್ ಓಡಿಸಿದ್ದು.

ಇನ್ನೊಂದು ಚುಟುಕ ಬರೆಯೋಣ ಅಂತ ಕೂತೆ. ಮಳೆಗೆ ಇಳೆ, ಕಳೆ, ಬೆಳೆ, ಬಳೆ... ಎಲ್ಲಾ ಇವೆ, ಯಾವುದೂ ಕೂರಲಿಲ್ಲ. ರಾತ್ರಿ ಒಂದೂವರೆಗೆ ಇಷ್ಟಾಯ್ತು:

ಅವಳು ಹೊಸಿಲು ದಾಟಿದಳು.
ಮಳೆ ನಿಂತಿತು.
ಸೂರಿನಲ್ಲಿ ಮಾತ್ರ
ಇನ್ನೂ ಯಾರೋ ಅಳುತ್ತಿದ್ದಾರೆ.

ಗುಂಪಿಗೆ ಹಾಕಿದೆ, ಯಾರೂ ಏನೂ ಅನ್ನಲಿಲ್ಲ. ಅವನಿಗೂ ಕಳಿಸಿದೆ. ಬೆಳಗ್ಗೆ ಎದ್ದು ನೋಡಿದ್ರೆ ಉತ್ತರ ಬಂದಿತ್ತು.

"ಪ್ರಾಸ ಎಲ್ಲೋ?"