ಹಂಪೆಯಲ್ಲಿ ಹನ್ನೆರಡು ಚಿತ್ರಗಳು

ಹಂಪೆಯನ್ನು ಕುರಿತು ಬರೆಯುವವರು ಅಳಿದ ವೈಭವಕ್ಕಾಗಿ ಒಂದು ನಿಟ್ಟುಸಿರು ಬಿಟ್ಟೇ ಮುಂದುವರಿಯುವುದು ವಾಡಿಕೆ. 1565ರ ರಕ್ಕಸತಂಗಡಿಯ ಕಾಳಗವನ್ನೂ ಅನಂತರದ ಸೂರೆಯನ್ನೂ ನೆನೆಯದೆ ಆ ಬಂಡೆಗಳ ನಡುವೆ ನಡೆಯುವುದು ಕಷ್ಟವೇ ಸರಿ. ಆದರೆ ಕಳೆದ ಕಾರ್ತಿಕದಲ್ಲಿ ನಾನು ಅಲ್ಲಿಗೆ ಹೊತ್ತು ಹೋದದ್ದು ಸಾಮ್ರಾಜ್ಯದ ಶೋಕವನ್ನಲ್ಲ. ತಂದೆಯವರು ತೀರಿಕೊಂಡು ಎಂಟು ತಿಂಗಳಾಗಿತ್ತು.

ದುಃಖದಲ್ಲಿ ಕಣ್ಣು ತೆರೆದೇ ಇರುತ್ತದೆ, ಏನೂ ಕಾಣಿಸುವುದಿಲ್ಲ. ಪಾಠ ಹೇಳಿ ಹೊರಬಂದರೆ ಎದುರಿಗೆ ಕುಳಿತಿದ್ದವರಲ್ಲಿ ಒಬ್ಬರ ಮುಖವೂ ನೆನಪಿರುತ್ತಿರಲಿಲ್ಲ. ಇದನ್ನು ಗಮನಿಸಿದ ತಾಯಿಯವರು ಒಂದು ದಿನ, "ಬೀರುವಿನಲ್ಲಿ ಅವರ ಕ್ಯಾಮರಾ ಇದೆ ನೋಡು. ಎರಡು ದಿನ ಎಲ್ಲಾದರೂ ಹೋಗಿ ಬಾರಪ್ಪ" ಎಂದರು. ಅದೊಂದು ಹಳೆಯ ಆಗ್ಫಾ ಕ್ಲಿಕ್. ಒಂದು ಸುರುಳಿ ಫಿಲ್ಮಿಗೆ 12 ಚಿತ್ರ, ಅಷ್ಟೇ. ಅದರಲ್ಲಿಯೇ ತಂದೆಯವರು ಮದುವೆಯಾದ ಹೊಸತರಲ್ಲಿ ಹಂಪೆಯ ಚಿತ್ರಗಳನ್ನು ತೆಗೆದಿದ್ದರು. ಆಲ್ಬಮ್ಮಿನಲ್ಲಿ ಕಲ್ಲಿನ ರಥದ ಮುಂದೆ ತಾಯಿಯವರು ನಾಚಿ ನಿಂತಿದ್ದಾರೆ. ತಂದೆಯವರು ಯಾವ ಚಿತ್ರದಲ್ಲಿಯೂ ಇಲ್ಲ. ತೆಗೆದವರು ಅವರೇ ತಾನೆ!

ಹೊಸಪೇಟೆಯಿಂದ ಹಂಪೆಗೆ 13 ಕಿಲೋಮೀಟರು. ಮೊದಲು ವಿರೂಪಾಕ್ಷನ ದರ್ಶನ. ಗರ್ಭಗುಡಿಯ ಹಿಂಬದಿಯಲ್ಲಿ ಒಂದು ಕತ್ತಲೆಯ ಕೋಣೆಯುಂಟು. ಅದರ ಸಣ್ಣ ಕಿಂಡಿಯಿಂದ ಒಳನುಗ್ಗುವ ಬೆಳಕು ಒಂಬತ್ತು ನೆಲೆಯ ರಾಜಗೋಪುರವನ್ನು ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆ. ಕ್ಯಾಮರಾದ ತತ್ತ್ವವೂ ಇದೇ. ನಾನು ಹೋದಾಗ ಗೋಡೆ ಬರಿದಾಗಿತ್ತು. ಅಲ್ಲಿದ್ದ ವೃದ್ಧರೊಬ್ಬರು, "ಮೋಡ ಸರೀಲಿ, ಸ್ವಲ್ಪ ನಿಂದರ್ರಿ" ಎಂದರು. ನಿಂತೆ. ಆಕಾಶ ತಿಳಿಯಾದಂತೆ ಮಸುಕು ಮಸುಕಾಗಿ ಗೋಪುರ ಇಳಿದುಬಂತು. ಎಷ್ಟೋ ದಿನಗಳ ಮೇಲೆ ನಾನು ಒಂದನ್ನು ಕಾಯುತ್ತ ನಿಂತು ನೋಡಿದ್ದು ಅದೇ ಮೊದಲು.

ಅಲ್ಲಿಂದ ಹೊಳೆಯ ದಂಡೆಯಗುಂಟ ವಿಠ್ಠಲ ದೇವಾಲಯಕ್ಕೆ ನಡೆದೆ. ಈ ದಾರಿಯಲ್ಲಿ ನೆನೆಯಬೇಕಾದವರು ಇಬ್ಬರಿದ್ದಾರೆ. ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣ ಸವರಿದ ಕಾಗದದ ನೆಗೆಟಿವುಗಳ ಮೇಲೆ ಹಂಪೆಯನ್ನು ಚಿತ್ರಿಸಿಕೊಂಡ. ಆ ಚಿತ್ರಗಳು ಬಹುಕಾಲ ಮರೆಯಾಗಿದ್ದು 1980ರಲ್ಲಿ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅವೇ ಸ್ಥಳಗಳನ್ನು ಹುಡುಕಿ, ಗ್ರೀನ್‌ಲಾ ನಿಂತಲ್ಲಿಯೇ ನಿಂತು, ಮತ್ತೊಮ್ಮೆ ಚಿತ್ರ ತೆಗೆದರು. ಎರಡನ್ನೂ ಪಕ್ಕದಲ್ಲಿಟ್ಟರೆ ಕಲ್ಲಿನ ರಥದ ಮೇಲೆ ಹಿಂದೆ ಇಟ್ಟಿಗೆಯ ಶಿಖರವೊಂದಿತ್ತೆಂಬುದು ತಿಳಿಯುತ್ತದೆ. ಈಗ ಅದಿಲ್ಲ. ಇಂದು ಐವತ್ತು ರೂಪಾಯಿಯ ನೋಟಿನ ಮೇಲೆ ನಾವು ಕಾಣುವುದು ಶಿಖರವಿಲ್ಲದ ರಥವನ್ನೇ.

ನಾನು ಮಾಡಹೊರಟದ್ದೂ ಅದೇ ಕೆಲಸ. ಆಲ್ಬಮ್ಮಿನ ಚಿತ್ರವನ್ನು ಕೈಯಲ್ಲಿ ಹಿಡಿದು ರಥದ ಮುಂದೆ ನಿಂತೆ. ಚಕ್ರದ ಅಂಚೂ ಹಿಂದಿನ ಮಂಟಪದ ಕಂಬವೂ ಒಂದೇ ಗೆರೆಗೆ ಬರಬೇಕು. ಎಡಕ್ಕೆ ಸರಿದರೆ ಕಂಬ ಮರೆಯಾಗುತ್ತಿತ್ತು; ಬಲಕ್ಕೆ ಸರಿದರೆ ಚಕ್ರದಿಂದ ದೂರವಾಗುತ್ತಿತ್ತು. ಹಿಂದಕ್ಕೆ ನಾಲ್ಕು ಹೆಜ್ಜೆ, ಮುಂದಕ್ಕೆ ಒಂದು. ಕಂಬವೇನೋ ಸರಿಹೋಯಿತು, ಎತ್ತರ ಮಾತ್ರ ಹೊಂದಲಿಲ್ಲ. ಆಗ ಹೊಳೆಯಿತು: ತಂದೆಯವರು ನನಗಿಂತ ಗಿಡ್ಡ. ಮೊಣಕಾಲನ್ನು ತುಸು ಬಾಗಿಸಿ ಕಿಂಡಿಯಲ್ಲಿ ನೋಡಿದೆ. ಕಲ್ಲಿಗೆ ಕಲ್ಲು ಕೂಡಿಕೊಂಡಿತು.

ಯಾವ ಚಿತ್ರದಲ್ಲಿಯೂ ಇಲ್ಲದ ತಂದೆಯವರು ಎಲ್ಲ ಚಿತ್ರಗಳಲ್ಲಿಯೂ ಇದ್ದಾರೆಂದು ಅಲ್ಲಿ ತಿಳಿಯಿತು. ಚಿತ್ರವೊಂದು ಎದುರಿನ ವಸ್ತುವನ್ನು ತೋರಿಸುವುದಲ್ಲದೆ, ನೋಡಿದವನು ಎಲ್ಲಿ ನಿಂತಿದ್ದನೆಂಬುದನ್ನೂ ಉಳಿಸಿಕೊಂಡಿರುತ್ತದೆ. ಕಣ್ಣು ಮಂಜಾಯಿತು. ಒರೆಸಿಕೊಂಡು ಗುಂಡಿಯೊತ್ತಿದೆ.

ಸಂಜೆಗೆ ಕಂಪ್ಲಿಯ ದಾರಿಯಲ್ಲಿರುವ ಮಾಲ್ಯವಂತ ಬೆಟ್ಟ ಸೇರಿದೆ. ಸೀತೆಯನ್ನು ಕಳೆದುಕೊಂಡ ರಾಮನು ಮಳೆಗಾಲವನ್ನೆಲ್ಲ ಇಲ್ಲಿ ಕಳೆದನೆಂಬ ಪ್ರತೀತಿಯಿದೆ. ಸಾಮಾನ್ಯವಾಗಿ ನಿಂತಿರುವ ರಾಮನು ಇಲ್ಲಿಯ ಗುಡಿಯಲ್ಲಿ ಕುಳಿತಿದ್ದಾನೆ. ಶೋಕಕ್ಕೂ ಒಂದು ಋತುವನ್ನು ಕೊಡಬೇಕೆಂದು ಆ ಮೂರ್ತಿಯನ್ನು ನೋಡಿದಾಗ ಅನ್ನಿಸಿತು.

ಗುಡಿಯ ಹಿಂದಿನ ಬಂಡೆಯ ಮೇಲೆ ಸೂರ್ಯಾಸ್ತವನ್ನು ನೋಡಲು ಹತ್ತಾರು ಜನ ಸೇರಿದ್ದರು. ನನ್ನ ಫಿಲ್ಮಿನಲ್ಲಿ ಒಂದು ಚಿತ್ರ ಉಳಿದಿತ್ತು. ಪಕ್ಕದಲ್ಲಿ ಒಬ್ಬ ಗೃಹಸ್ಥರು ಹೆಂಡತಿಯನ್ನೂ ಪುಟ್ಟ ಮಗಳನ್ನೂ ನಿಲ್ಲಿಸಿ, ಮೊಬೈಲಿನಲ್ಲಿ ಮತ್ತೆ ಮತ್ತೆ ಚಿತ್ರ ತೆಗೆಯುತ್ತಿದ್ದರು.

"ಕೊಡಿ ಇಲ್ಲಿ, ನಾನು ತೆಗೆಯುತ್ತೇನೆ. ನೀವೂ ಹೋಗಿ ನಿಂತುಕೊಳ್ಳಿ" ಎಂದೆ.

ಅವರು ಸಂಕೋಚಪಟ್ಟರು. ಮಗಳು ಓಡಿಬಂದು ಕೈಹಿಡಿದು ಎಳೆದೊಯ್ದಳು. ಮೂವರೂ ನಕ್ಕರು. ಬೆಳಕು ಇನ್ನೂ ಚೆನ್ನಾಗಿತ್ತು.