ಸೋರೆಬುರುಡೆ ಮತ್ತು ನೀರೊಳಗಿನ ಸ್ಕೂಟರ್

ಈಜು ಕಲಿಯುವ ಮಕ್ಕಳ ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನು ಕಟ್ಟಿ ಬಾವಿಗೆ ಇಳಿಸುತ್ತಿದ್ದ ಕಾಲವನ್ನು ನಮ್ಮ ಹೊಸೂರು, ತಳಿ, ಡೆಂಕಣಿಕೋಟೆ ಸೀಮೆಯ ಹಿರಿಯರು ಮರೆತಿರಲಾರರು. ಕಪಿಲೆ ನಿಂತು ಪಂಪ್‌ಸೆಟ್ ಬಂದಿದ್ದರೂ ಬಾವಿಗಳಲ್ಲಿ ಇನ್ನೂ ನೀರಿದ್ದ ದಿನಗಳವು. ಬುರುಡೆ ತೇಲಿಸುತ್ತಿತ್ತು, ಸೊಂಟಕ್ಕೆ ಬಿಗಿದ ಹಗ್ಗದ ಇನ್ನೊಂದು ತುದಿ ದಡದಲ್ಲಿ ನಿಂತ ಹಿರಿಯರ ಕೈಯಲ್ಲಿರುತ್ತಿತ್ತು.

1973ರ ಬೇಸಿಗೆಯಲ್ಲಿ ನನಗೆ ಹತ್ತು ವರ್ಷ, ನನ್ನ ತಮ್ಮನಿಗೆ ಆರು. ನಾನು ಆಗಲೇ ಈಜು ಬಲ್ಲವನೆಂಬ ಗರ್ವದಲ್ಲಿದ್ದೆ. ತಾತ ಎತ್ತುಗಳಿಗೆ ಮೇವು ಹಾಕಲು ಹೋದ ಸಮಯದಲ್ಲಿ ನಾನೇ ತಮ್ಮನಿಗೆ ಬುರುಡೆ ಕಟ್ಟಿದೆ. "ಅಣ್ಣಾ, ಬುರುಡೆ ಕೆಳಕ್ಕೆ ಜಾರ್ತಾ ಐತೆ" ಎಂದ. "ಸುಮ್ನಿರೋ, ನಿನಗೇನು ಗೊತ್ತು" ಎಂದು ಗದರಿಸಿ ನೀರಿಗೆ ಇಳಿಸಿದೆ. ಹೆಗಲುಗಳ ನಡುವೆ ಇರಬೇಕಾದ ಬುರುಡೆ ಸೊಂಟದಿಂದಲೂ ಕೆಳಕ್ಕೆ ಜಾರಿತು. ಮಗು ತೇಲಿತು, ನಿಜ. ಆದರೆ ಕುಂಡಿ ಮೇಲೆ, ಮುಖ ನೀರಿನೊಳಗೆ. ಕಾಲು ಬಡಿದಷ್ಟೂ ತಲೆ ಇನ್ನೂ ಕೆಳಕ್ಕೆ ಹೋಗುತ್ತಿತ್ತು. ನನ್ನ ಕೂಗಿಗೆ ಓಡಿಬಂದ ತಾತ ಉಟ್ಟ ಪಂಚೆಯಲ್ಲೇ ಹಾರಿ ಅವನನ್ನು ಮೇಲೆತ್ತಿದರು. ತಮ್ಮ ಬದುಕಿಕೊಂಡ. ಆದರೆ ಅಂದಿನಿಂದ ಇಂದಿನವರೆಗೆ ಅವನು ಮೊಣಕಾಲು ಮೀರಿದ ನೀರಿಗೆ ಇಳಿದವನಲ್ಲ. ಆ ಸಂಜೆ ತಾತ ನನ್ನನ್ನು ಹೊಡೆಯಲಿಲ್ಲ. "ತೇಲೋದು ಒಂದು, ನೆಟ್ಟಗೆ ತೇಲೋದು ಇನ್ನೊಂದು" ಎಂದಷ್ಟೇ ಹೇಳಿದರು.

ಆ ಮಾತು ಐವತ್ತು ವರ್ಷಗಳ ಬಳಿಕ ಮತ್ತೆ ನನ್ನೆದುರು ಬಂದು ನಿಂತ ಕಥೆಯನ್ನು ಓದುಗರೊಂದಿಗೆ ಹಂಚಿಕೊಳ್ಳಬೇಕೆನಿಸಿದೆ.

ವಿಧಿಯ ಆಟವೋ ಏನೋ, ನೀರಿಗೆ ಹೆದರುವ ನನ್ನ ತಮ್ಮನ ಮಗನೇ ಸಮುದ್ರವನ್ನು ನೆಚ್ಚಿಕೊಂಡ. ನಮ್ಮೂರಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಓದಿದವನು, ಇಂದು ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಲ್ಲಿ ಸ್ಕೂಬಾ ಮುಳುಗುಗಾರರಿಗೆ ದಾರಿ ತೋರುವ ಕೆಲಸದಲ್ಲಿದ್ದಾನೆ. ಅಲ್ಲಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ಅರಬ್ಬಿ ಸಮುದ್ರದ ನಡುವೆ ನೇತ್ರಾಣಿ ಎಂಬ ದ್ವೀಪವಿದೆ. ಅದರ ಸುತ್ತಲಿನ ಬಂಡೆಗಳ ನಡುವೆ ಬಣ್ಣಬಣ್ಣದ ಮೀನುಗಳನ್ನು ನೋಡಲು ಜನ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿಯುತ್ತಾರೆ. ಮಳೆಗಾಲದಲ್ಲಿ ಸಮುದ್ರ ಕೆರಳುವುದರಿಂದ ಈ ಕೆಲಸ ನಿಲ್ಲುತ್ತದೆ. ಹುಡುಗ ಊರಿಗೆ ಬಂದು ತಂದೆಯ ಗುಲಾಬಿ ತೋಟದಲ್ಲಿ ಕೈಜೋಡಿಸುತ್ತಾನೆ.

ಹಾಗೆ ಒಂದು ಮಳೆಗಾಲದಲ್ಲಿ ಬಂದಾಗ ಗೋಣಿಚೀಲದಲ್ಲಿ ಸುತ್ತಿದ ಒಂದು ಯಂತ್ರವನ್ನು ತಂದ. ನೋಡಲು ದಪ್ಪ ಕೊಳವೆಯಂತಿತ್ತು. ಹಿಂಭಾಗದಲ್ಲಿ ಬಳೆಯಂಥ ಕವಚದೊಳಗೆ ಪಂಖ, ಹಿಡಿಯಲು ಎರಡು ಹಿಡಿಕೆ. "ದೊಡ್ಡಪ್ಪ, ಇದು ನೀರೊಳಗಿನ ಸ್ಕೂಟರ್. ಹಳೆಯದು, ಕಡಿಮೆ ಬೆಲೆಗೆ ಸಿಕ್ಕಿತು. ನೀರಿಗೆ ಬಿಟ್ಟರೆ ಮೂತಿ ಮೇಲೆತ್ತಿ ನಿಲ್ಲುತ್ತೆ. ನೀವು ಸರಿಮಾಡಿ ಕೊಡಬೇಕು" ಎಂದ. ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಲೇಥ್ ಮುಂದೆ ನಿಂತು ನಿವೃತ್ತನಾದ ನನಗೆ ಈ ಮಾತು ಹಬ್ಬದೂಟದ ಕರೆಯಂತೆ ಕೇಳಿಸಿತು.

ಈ ಯಂತ್ರದ ಕೆಲಸ ಸರಳ. ಬ್ಯಾಟರಿಯಿಂದ ಮೋಟಾರು ತಿರುಗುತ್ತದೆ, ಪಂಖ ನೀರನ್ನು ಹಿಂದಕ್ಕೆ ತಳ್ಳುತ್ತದೆ, ಯಂತ್ರ ಮುಂದಕ್ಕೆ ಸಾಗಿ ಮುಳುಗುಗಾರನನ್ನು ಎಳೆದೊಯ್ಯುತ್ತದೆ. ಆದರೆ ಎಳೆತದ ಭಾರವನ್ನು ತೋಳುಗಳು ಹೊರಬಾರದು. ಹಿಡಿಕೆಯಿಂದ ಒಂದು ಗಟ್ಟಿ ಹಗ್ಗ ಹೊರಟು, ಮುಳುಗುಗಾರನ ತೊಡೆಸಂದಿನ ಪಟ್ಟಿಯ ಮುಂಭಾಗದಲ್ಲಿರುವ ಲೋಹದ ಉಂಗುರಕ್ಕೆ ಕೊಕ್ಕೆಯಿಂದ ಸೇರಬೇಕು. ನೇಗಿಲಿನ ಎಳೆತ ಎತ್ತಿನ ಹೆಗಲ ಮೇಲಿರುವಂತೆ, ಇಲ್ಲಿಯ ಎಳೆತ ಸೊಂಟದ ಮೇಲೆ. ಕೈ ದಿಕ್ಕು ತೋರುವುದಕ್ಕೆ ಮಾತ್ರ. ಹಗ್ಗ ತೀರಾ ಉದ್ದವಾದರೆ ತೋಳು ಪೂರ್ತಿ ಚಾಚಿ ಸೋಲುತ್ತದೆ. ತೀರಾ ಗಿಡ್ಡವಾದರೆ ಪಂಖ ಚಿಮ್ಮಿಸುವ ನೀರು ಎದೆಗೆ ಬಡಿದು ವೇಗ ಕುಂದುತ್ತದೆ. ಮೊಣಕೈ ಸ್ವಲ್ಪ ಬಾಗಿರುವಂತೆ, ಆ ನೀರು ಮೈಯ ಕೆಳಗೆ ಹಾದುಹೋಗುವಂತೆ ಅಳೆದು ಗಂಟು ಹಾಕಬೇಕು. ಕೊಕ್ಕೆ ಕಳಚಿದರೂ ಹಗ್ಗದ ತುದಿ ಪಂಖಕ್ಕೆ ಎಟುಕಬಾರದು. ಹುಡುಗನನ್ನು ತೋಟದ ಮನೆಯ ಬೆಂಚಿನ ಮೇಲೆ ಬೋರಲು ಮಲಗಿಸಿ, ಪಟ್ಟಿ ಕಟ್ಟಿಸಿ, ಮೂರು ಸಲ ಗಂಟು ಬಿಚ್ಚಿ ಹಾಕಿ ಈ ಅಳತೆ ಹಿಡಿದೆವು. ನೋಡಿದ ಕೂಲಿ ಹೆಂಗಸರೆಲ್ಲ ನಕ್ಕಿದ್ದೇ ನಕ್ಕಿದ್ದು.

ನಿಜವಾದ ಕೆಲಸವಿದ್ದುದು ತೂಕದಲ್ಲಿ. ಯಾವ ವಸ್ತುವಾದರೂ ತಾನು ಪಕ್ಕಕ್ಕೆ ತಳ್ಳಿದ ನೀರಿನ ತೂಕದಷ್ಟು ಬಲದಿಂದ ಮೇಲಕ್ಕೆ ಒತ್ತಲ್ಪಡುತ್ತದೆ ಎಂಬ ಆರ್ಕಿಮಿಡೀಸನ ತತ್ತ್ವವನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಯಂತ್ರದ ತೂಕವೂ ಅದು ತಳ್ಳಿದ ನೀರಿನ ತೂಕವೂ ಸರಿಸಮವಾದರೆ ಅದು ಮುಳುಗದು, ತೇಲದು. ಬಿಟ್ಟ ಕಡೆ ನಿಲ್ಲುತ್ತದೆ. ಇದು ಮೊದಲ ಲೆಕ್ಕ. ಎರಡನೆಯದು ತಾತ ಹೇಳಿದ "ನೆಟ್ಟಗೆ ತೇಲುವ" ಲೆಕ್ಕ. ಒಟ್ಟು ತೂಕ ಸರಿಯಿದ್ದರೂ ಅದು ಮುಂದೆ ಕೂಡಿದರೆ ಮೂತಿ ಕೆಳಕ್ಕೆ, ಹಿಂದೆ ಕೂಡಿದರೆ ಮೂತಿ ಮೇಲಕ್ಕೆ.

ಕವಚ ಬಿಚ್ಚಿದ ಮೇಲೆ ಕಾರಣ ತಿಳಿಯಿತು. ಮೊದಲಿದ್ದ ಭಾರವಾದ ಸೀಸದ ಬ್ಯಾಟರಿಯನ್ನು ತೆಗೆದು ಯಾರೋ ಹಗುರವಾದ ಲಿಥಿಯಂ ಬ್ಯಾಟರಿ ಕೂರಿಸಿದ್ದರು. ಶಕ್ತಿಯೇನೋ ಇತ್ತು, ಹೋದ ತೂಕವನ್ನು ಮಾತ್ರ ಯಾರೂ ತುಂಬಿರಲಿಲ್ಲ. ಮೋಟಾರಿನ ಭಾರ ಹಿಂದೆ ಉಳಿದು, ಮುಂಭಾಗ ಖಾಲಿ ಕೊಡದಂತಾಗಿತ್ತು.

ಪರೀಕ್ಷೆಗೆ ನೀರೆಲ್ಲಿ? ಕೆಲವರಪಳ್ಳಿ ಅಣೆಕಟ್ಟಿಗೆ ಹೋಗೋಣವೆಂದರೆ, ಬೆಂಗಳೂರಿನ ಕೊಳಕನ್ನು ಹೊತ್ತು ಬರುವ ದಕ್ಷಿಣ ಪಿನಾಕಿನಿ ಅಲ್ಲಿ ಬೆಟ್ಟದಂತೆ ನೊರೆ ಉಕ್ಕಿಸುತ್ತಿದ್ದಳು. ಕೊನೆಗೆ ತಮ್ಮನ ತೋಟದ ಹಳೆಯ ಬಾವಿಯೇ ಗತಿಯಾಯಿತು; ತಾತ ಹಾರಿದ ಅದೇ ಬಾವಿ. ತಮ್ಮ ಕಟ್ಟೆಯಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತು, "ಹಗ್ಗ ಕಟ್ಟದೆ ಏನನ್ನೂ ನೀರಿಗೆ ಬಿಡಬೇಡ ಕಣೋ" ಎಂದು ಮಗನಿಗೆ ಹೇಳುತ್ತಲೇ ಇದ್ದ.

ಎರಡು ಸಂಜೆ ಕೆಲಸ ನಡೆಯಿತು. ಪ್ರತಿಸಲವೂ ಬ್ಯಾಟರಿಯ ತಂತಿ ಕಳಚುವುದು, ಸೀಸದ ತುಂಡುಗಳನ್ನು ಮುಂಭಾಗದ ತಳದಲ್ಲಿ ಇಡುವುದು, ಮುಚ್ಚುವುದು, ಮುಳುಗಿಸಿ ನೋಡುವುದು. ಸೀಸ ತಳದಲ್ಲೇ ಇರಬೇಕು. ಆಗ ಯಂತ್ರ ಪಕ್ಕಕ್ಕೆ ಉರುಳುವುದಿಲ್ಲ. ತುಂಡುಗಳು ಜಾರದಂತೆ ಪಟ್ಟಿಯಿಂದ ಬಿಗಿಯಬೇಕು. ಇಲ್ಲದಿದ್ದರೆ ಮೂತಿ ಬಾಗಿದಾಗ ಅವೂ ಮುಂದಕ್ಕೆ ಜಾರಿ ಇನ್ನಷ್ಟು ಬಾಗಿಸುತ್ತವೆ. ಮುಚ್ಚಳದ ಓ-ರಿಂಗನ್ನು ಒರೆಸಿ, ಸಿಲಿಕೋನ್ ಗ್ರೀಸ್ ಸವರಿ ಕೂರಿಸಬೇಕು. ಅದರಡಿ ಒಂದು ಕೂದಲು ಸಿಕ್ಕಿಕೊಂಡರೂ ನೀರು ಒಳಗೆ ದಾರಿ ಹುಡುಕುತ್ತದೆ. ದೊಡ್ಡ ತುಂಡುಗಳಿಂದ ಸುಮಾರು ಹದಕ್ಕೆ ಬಂದ ಮೇಲೆ, ಟೈರ್ ಅಂಗಡಿಯಲ್ಲಿ ಕಾರಿನ ಚಕ್ರಕ್ಕೆ ಅಂಟಿಸುವ ಪುಟ್ಟ ತುಂಡುಗಳಿಂದ ಸೂಕ್ಷ್ಮ ಹದ ಹಿಡಿದೆವು. ತೂಕ ಹೆಚ್ಚಿಸುವುದಕ್ಕಿಂತ ಇದ್ದ ತೂಕವನ್ನು ಎರಡು ಬೆರಳು ಸರಿಸುವುದೇ ಹೆಚ್ಚು ಕೆಲಸ ಮಾಡುತ್ತದೆ. ಇದು ತಕ್ಕಡಿ ಹಿಡಿದವರಿಗೆಲ್ಲ ಗೊತ್ತು.

ಎರಡನೆಯ ಸಂಜೆ, ಹುಡುಗ ನೀರೊಳಗೆ ಕೈಬಿಟ್ಟಾಗ ಯಂತ್ರ ಮೊಳದಾಳದಲ್ಲಿ, ರಸಮಟ್ಟ ಹಿಡಿದಂತೆ ನೇರವಾಗಿ ನಿಂತಿತು. ತೂಗಿದಾಗ ಸರಿಯಾಗಿ 20 ಕೆ.ಜಿ. ನನ್ನ ಎದೆ ಉಬ್ಬಿತು. ಮುಚ್ಚಳದ ಮೇಲೆ ಬಿಳಿ ಬಣ್ಣದ ಗುರುತು ಹಾಕಿ, "ಇನ್ನು ಇದನ್ನು ಯಾರೂ ಮುಟ್ಟಬಾರದು" ಎಂದೆ. ಹುಡುಗ ಏನನ್ನೋ ಹೇಳಲು ಬಾಯಿ ತೆರೆದವನು, "ಆಗಲಿ ದೊಡ್ಡಪ್ಪ" ಎಂದು ಸುಮ್ಮನಾದ.

ದೀಪಾವಳಿ ಕಳೆದ ಮೇಲೆ ಅವನ ಜೊತೆ ನಾನೂ ಮುರುಡೇಶ್ವರಕ್ಕೆ ಹೋದೆ. ದೋಣಿ ನೇತ್ರಾಣಿಯ ಮರೆಯಲ್ಲಿ ಲಂಗರು ಹಾಕಿತು. ನಾನು "ಬಿಡು, ನೋಡೋಣ" ಎಂದರೂ ಹುಡುಗ ತಂದೆಯ ಮಾತಿನಂತೆ ಯಂತ್ರಕ್ಕೆ ಹಗ್ಗ ಕಟ್ಟಿಯೇ ಇಳಿದ. ಒಂದಾಳು ಆಳದಲ್ಲಿ ಕೈಬಿಟ್ಟ. ಯಂತ್ರ ನಿಲ್ಲಲಿಲ್ಲ. ಮೂತಿ ನೇರವಾಗಿಯೇ ಇತ್ತು. ಆದರೆ ಇಡಿಯ ಯಂತ್ರ ನಿಧಾನವಾಗಿ ಮೇಲೇರಿ, ದೋಣಿಯ ಪಕ್ಕದಲ್ಲಿ ಬೆನ್ನು ತೋರಿಸಿ ತೇಲಿತು.

ನನಗೆ ದಿಕ್ಕು ತೋಚಲಿಲ್ಲ. ನೀರು ಒಳಹೊಕ್ಕಿದ್ದರೆ ಮುಳುಗಬೇಕಿತ್ತು. ಸೀಸ ಎಲ್ಲಿಗೆ ಹೋಯಿತು? ಹುಡುಗ ದೋಣಿಯ ಅಂಚು ಹಿಡಿದು, ಅಳುಕುತ್ತ, "ದೊಡ್ಡಪ್ಪ, ಉಪ್ಪುನೀರಿನ ಮೊಟ್ಟೆ" ಎಂದ.

ಸಿಹಿನೀರಿನಲ್ಲಿ ಮುಳುಗುವ ಮೊಟ್ಟೆ ಉಪ್ಪು ಕರಗಿಸಿದ ನೀರಿನಲ್ಲಿ ತೇಲುವುದನ್ನು ನಮ್ಮ ಮಕ್ಕಳೆಲ್ಲ ಶಾಲೆಯಲ್ಲಿ ನೋಡಿದ್ದಾರೆ, ನಾನೂ ನೋಡಿದ್ದೆ. ಒಂದು ಲೀಟರ್ ಬಾವಿಯ ನೀರು ಸುಮಾರು ಒಂದು ಕೆ.ಜಿ. ತೂಗಿದರೆ, ಸಮುದ್ರದ ನೀರು ಸುಮಾರು 1,025 ಗ್ರಾಂ ತೂಗುತ್ತದೆ. ನಮ್ಮ ಯಂತ್ರ ತಳ್ಳುವುದು 20 ಲೀಟರ್. ಬಾವಿಯಲ್ಲಿ ಅದರ ತೂಕ 20 ಕೆ.ಜಿ., ಸಮುದ್ರದಲ್ಲಿ ಇಪ್ಪತ್ತೂವರೆ. ಅಂದರೆ ಅರ್ಧ ಕೆ.ಜಿ. ಮೇಲ್ಮುಖ ಒತ್ತಡವನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಹುಡುಗ ತನ್ನ ಚೀಲದಿಂದ ಅರ್ಧ ಕೆ.ಜಿ.ಯ ಒಂದು ಸೀಸದ ತುಂಡನ್ನೂ ಪಟ್ಟಿಯನ್ನೂ ತೆಗೆದ. ಯಂತ್ರವನ್ನು ಒಂದೇ ಹಗ್ಗದಿಂದ ತೂಗುಹಾಕಿ ಅದು ಮಟ್ಟವಾಗಿ ನಿಲ್ಲುವ ಬಿಂದುವನ್ನು ಗುರುತಿಸಿ, ಸರಿಯಾಗಿ ಅದರ ಕೆಳಗೆ ಹೊರಗಿನಿಂದಲೇ ಬಿಗಿದ. ಅಲ್ಲಿ ಕಟ್ಟಿದರೆ ನಾನು ಹಿಡಿದಿದ್ದ ಹದ ಕೆಡುವುದಿಲ್ಲ. ಯಂತ್ರ ನೀರಿನಲ್ಲಿ ಹೆಚ್ಚುಕಡಿಮೆ ಬಿಟ್ಟಲ್ಲೇ ನಿಂತಿತು.

ಆ ತುಂಡು ಚೀಲದಲ್ಲಿ ಆಕಸ್ಮಿಕವಾಗಿ ಇದ್ದುದಲ್ಲ. ರಾತ್ರಿ ಕೇಳಿದಾಗ ಅವನು ಟಿಪ್ಪಣಿ ಪುಸ್ತಕ ತೋರಿಸಿದ. ಬಾವಿಯ ಪರೀಕ್ಷೆಯ ದಿನವೇ ಈ ಲೆಕ್ಕವನ್ನು ಗುಂಡಗಿನ ಕನ್ನಡ ಅಕ್ಷರಗಳಲ್ಲಿ ಬರೆದಿಟ್ಟಿದ್ದ: "ಬಾವಿಯಲ್ಲಿ ಸರಿ. ಸಮುದ್ರಕ್ಕೆ ಇನ್ನರ್ಧ ಕೆ.ಜಿ." "ಮತ್ತೆ ಅವತ್ತೇ ಯಾಕೋ ಹೇಳಲಿಲ್ಲ?" ಎಂದೆ. "ನೀವು ಅಷ್ಟು ಖುಷಿಯಾಗಿದ್ರಿ ದೊಡ್ಡಪ್ಪ. ಹಿರಿಯರು. ಹೇಗೆ ಹೇಳಲಿ ಅಂತ..." ಎಂದು ತಲೆ ತಗ್ಗಿಸಿದ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅರ್ಧ ಕೆ.ಜಿ. ಏನು ಮಹಾ ಎನ್ನಬಹುದು. ಆದರೆ ನೀರೊಳಗೆ ಮನುಷ್ಯ ಸ್ವಲ್ಪ ಮೇಲೇರಿದರೂ ಅವನ ಜಾಕೆಟ್ಟಿನೊಳಗಿನ ಗಾಳಿ ಹಿಗ್ಗಿ ಇನ್ನಷ್ಟು ಮೇಲಕ್ಕೆ ಎಳೆಯುತ್ತದೆ. 10 ಮೀಟರ್ ಆಳದ ಗಾಳಿ ಮೇಲ್ಮೈಗೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಗಾಬರಿಯಲ್ಲಿ ಉಸಿರು ಬಿಗಿಹಿಡಿದರೆ ಅದೇ ಗಾಳಿ ಶ್ವಾಸಕೋಶವನ್ನು ಹರಿಯಬಲ್ಲದು. ಹುಡುಗ ನುರಿತವನು, ಲೆಕ್ಕ ಬಲ್ಲವನು; ಅದಕ್ಕೇ ಏನೂ ಆಗಲಿಲ್ಲ. ಹೊಸಬನೊಬ್ಬ ನನ್ನ ಬಿಳಿ ಬಣ್ಣದ ಗುರುತನ್ನು ನಂಬಿ ಆಳಕ್ಕೆ ಹೋಗಿದ್ದರೆ?

ನನ್ನನ್ನು ಕಾಡಿದ್ದು ಉಪ್ಪು ಮರೆತದ್ದಲ್ಲ. ಆರು ವರ್ಷದ ತಮ್ಮ "ಬುರುಡೆ ಜಾರ್ತಾ ಐತೆ" ಎಂದು ಬಾಯಿಬಿಟ್ಟು ಹೇಳಿದ್ದ, ನಾನು ಕೇಳಲಿಲ್ಲ. ಅವನ ಮಗ ಹೇಳಲೇ ಇಲ್ಲ. ಯಾಕೆಂದರೆ ನಾನು ಕೇಳುವವನಂತೆ ಕಾಣಲಿಲ್ಲ. ಐವತ್ತು ವರ್ಷದಲ್ಲಿ ನಾನು ಕಲಿತದ್ದಾದರೂ ಏನು? ಮಕ್ಕಳಿಗೆ ವಿನಯ ಕಲಿಸುತ್ತೇವೆ, ಒಳ್ಳೆಯದೇ. ಆದರೆ ನೀರಿಗೆ ಹಿರಿಯ ಕಿರಿಯ ಎಂಬ ಭೇದವಿಲ್ಲ. ತಪ್ಪನ್ನು ಕಂಡ ಮಗು ಕೂಡಲೇ ಹೇಳುವಂತೆ, ಹೇಳಿದ ಮಗುವನ್ನು ಗದರದಂತೆ ನಾವು ನಡೆದುಕೊಳ್ಳದಿದ್ದರೆ ಆ ವಿನಯವೇ ಮಕ್ಕಳಿಗೆ ಮುಳುವಾದೀತು.

ಕನ್ನಡದಲ್ಲಿ ವಿಜ್ಞಾನ ಓದಿದರೆ ಮಕ್ಕಳು ಹಿಂದುಳಿಯುತ್ತಾರೇನೋ ಎಂದು ನಮ್ಮ ಗಡಿಭಾಗದ ತಾಯ್ತಂದೆಯರು ನನ್ನನ್ನೂ ಕೇಳುವುದುಂಟು. ನನ್ನಲ್ಲಿ ದೊಡ್ಡ ಉತ್ತರವಿಲ್ಲ; ಆ ಟಿಪ್ಪಣಿ ಪುಸ್ತಕದ ಒಂದು ಸಾಲಿದೆ. ಅರ್ಥವಾಗಿ ಕಲಿತದ್ದು ಹನ್ನೆರಡು ವರ್ಷದ ಬಳಿಕ, ಇನ್ನೂರಾರು ಮೈಲಿ ಆಚೆಯ ಸಮುದ್ರದಲ್ಲಿ ನೆನಪಾಯಿತು. ನಾನು ಬಾಯಿಪಾಠ ಮಾಡಿದ್ದು ಬೇಕಾದಾಗ ಕೈಕೊಟ್ಟಿತು.

ಊರಿಗೆ ಬಂದು ತಮ್ಮನಿಗೆ ಎಲ್ಲವನ್ನೂ ಹೇಳಿದೆ; ಐವತ್ತು ವರ್ಷ ಹಿಂದಿನದನ್ನೂ ಸೇರಿಸಿ ತಪ್ಪೊಪ್ಪಿಕೊಂಡೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಹಗ್ಗ ಕಟ್ಟಿದ್ನಾ?" ಎಂದು ಕೇಳಿದ. "ಕಟ್ಟಿದ್ದ" ಎಂದೆ. "ಸರಿ ಬಿಡಣ್ಣ" ಎಂದ.

ಈಗ ನಮ್ಮ ಸೀಮೆಯಲ್ಲಿ ಬಾವಿಗಳು ಬತ್ತಿವೆ, ಸೋರೆಬುರುಡೆ ಕಟ್ಟುವವರೂ ಇಲ್ಲ. ಆದರೆ ಕಲ್ಲು ತೆಗೆದು ಬಿಟ್ಟ ಕ್ವಾರಿಗಳಲ್ಲಿ ಮಳೆನೀರು ನಿಂತಿರುತ್ತದೆ, ರಜೆಯ ದಿನ ಮಕ್ಕಳನ್ನು ಕರೆಯುತ್ತದೆ. ಆ ನೀರಿಗೆ ಕಳುಹಿಸಬೇಡಿ. ಬಲ್ಲವರ ಕಣ್ಣೆದುರಿನಲ್ಲಿ ಈಜು ಕಲಿಸಿ. ಕಳೆದ ಬೇಸಿಗೆಯಲ್ಲಿ ನನ್ನ ಮೊಮ್ಮಗಳಿಗೆ ನಮ್ಮ ಹುಡುಗ ಅದೇ ಬಾವಿಯಲ್ಲಿ ಈಜು ಕಲಿಸಿದ. "ತಾತಾ, ಪಟ್ಟಿ ಸಡಿಲ ಐತೆ" ಎಂದಳು. ಬಗ್ಗಿ ನೋಡಿದೆ. ಸಡಿಲವಾಗಿಯೇ ಇತ್ತು. ಬಿಗಿದು ಕಟ್ಟಿದೆ. ಹಗ್ಗದ ಇನ್ನೊಂದು ತುದಿ, ಮೊದಲ ಸಲ ಕಟ್ಟೆಯ ಹತ್ತಿರಕ್ಕೆ ಬಂದ ನನ್ನ ತಮ್ಮನ ಕೈಯಲ್ಲಿತ್ತು.